ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಎಫ್1, ರಗ್ಬಿ, ಫುಟ್‌ಬಾಲ್ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಕ್ರಿಕೆಟ್ ನೋಡುವವರು ಜೊತೆಗಾರರನ್ನು ಹುಡುಕಬೇಕಾಗಿಲ್ಲ. ಫಾರ್ಮುಲಾ ಒನ್ (ಎಫ್1) ಕಾರ್ ರೇಸ್, ರಗ್ಬಿ, ಯುರೋಪಿನ ಫುಟ್‌ಬಾಲ್ ಹಚ್ಚಿಕೊಂಡವರು ಮಾತ್ರ ತೋರಣಗಲ್ಲಿನ ಕ್ವಾರ್ಟರ್ಸ್‌ನಲ್ಲಿ ಒಬ್ಬರು, ಸಿಂಧನೂರಿನ ಹಾಸ್ಟೆಲ್‌ನಲ್ಲಿ ಇಬ್ಬರು, ಗಂಗಾವತಿಯ ಮೊಬೈಲ್ ಅಂಗಡಿಯಲ್ಲಿ ಒಬ್ಬರು ಎಂಬಂತೆ ಚದುರಿಹೋಗಿದ್ದಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರು ಮೇಲಿನಿಂದ ಓದಿ, ಹಳಬರು ನೇರ ಕೆಳಗಿನ ಭಾಗಕ್ಕೆ ಹೋಗಬಹುದು.

## ಸುರುವಿಗೆ

ಮೂರೂ ಆಟ ನೋಡ್ಬೇಕಂತೀನ್ರಿ. ಎಲ್ಲಿಂದ ಸುರು ಮಾಡ್ಲಿ?

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಎರಡೇ ತಿಂಗಳಲ್ಲಿ ನಿದ್ದೆಯೂ ಹೋಗುತ್ತದೆ, ಆಸಕ್ತಿಯೂ ಹೋಗುತ್ತದೆ. ವರ್ಷದ ಪಂಚಾಂಗ ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಯುರೋಪಿನ ಕ್ಲಬ್ ಫುಟ್‌ಬಾಲ್ ಆಗಸ್ಟ್‌ನಿಂದ ಮೇವರೆಗೆ, ಎಫ್1 ಮಾರ್ಚ್‌ನಿಂದ ಡಿಸೆಂಬರ್ ಮೊದಲ ವಾರದವರೆಗೆ, ರಗ್ಬಿಯ ಸಿಕ್ಸ್ ನೇಷನ್ಸ್ ಫೆಬ್ರುವರಿ–ಮಾರ್ಚ್‌ನಲ್ಲಿ ನಡೆಯುತ್ತವೆ. ರಗ್ಬಿಗೆ ಸಿಕ್ಸ್ ನೇಷನ್ಸೇ ಒಳ್ಳೆಯ ಬಾಗಿಲು: ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಇಟಲಿ, ಸ್ಕಾಟ್ಲೆಂಡ್, ವೇಲ್ಸ್ ಎಂಬ ಆರೇ ತಂಡ, ಒಟ್ಟು 15 ಪಂದ್ಯ. ಎಫ್1ನಲ್ಲಿ ಒಬ್ಬ ಚಾಲಕನನ್ನು, ಫುಟ್‌ಬಾಲ್‌ನಲ್ಲಿ ಒಂದು ಕ್ಲಬ್ಬನ್ನು ಹಿಡಿದು ಇಡೀ ಸೀಸನ್ ಜೊತೆಗಿರಿ. ಹತ್ತು ಪಂದ್ಯದ ಹೈಲೈಟ್ಸ್‌ಗಿಂತ ಒಂದು ಪಂದ್ಯವನ್ನು ಮೊದಲಿನಿಂದ ಕೊನೆವರೆಗೆ ನೋಡಿದರೆ ಆಟ ಬೇಗ ತಲೆಗೆ ಹತ್ತುತ್ತದೆ.

ನಮ್ಮ ಟೈಮಿಗೆ ಎಷ್ಟೊತ್ತಿಗೆ ಬರ್ತೈತಿ ಅನ್ನೋದನ್ನ ಹೆಂಗ ಲೆಕ್ಕ ಹಾಕೋದು?

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಬದಲಾಗುವುದು ಅವರದು. ಮಾರ್ಚ್ ಕೊನೆಯ ಭಾನುವಾರ ಯುರೋಪಿನವರು ಗಡಿಯಾರ ಒಂದು ತಾಸು ಮುಂದೆ ಮಾಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ತರುತ್ತಾರೆ. ಹಾಗಾಗಿ ಬ್ರಿಟನ್ ಸಮಯಕ್ಕೆ ಬೇಸಿಗೆಯಲ್ಲಿ ನಾಲ್ಕೂವರೆ ತಾಸು, ಚಳಿಗಾಲದಲ್ಲಿ ಐದೂವರೆ ತಾಸು ಕೂಡಿಸಿ. ಫ್ರಾನ್ಸ್, ಸ್ಪೇನ್, ಇಟಲಿ, ಜರ್ಮನಿಗೆ ಮೂರೂವರೆ ಮತ್ತು ನಾಲ್ಕೂವರೆ. ದಕ್ಷಿಣ ಆಫ್ರಿಕಾ ಗಡಿಯಾರ ಮುಟ್ಟುವುದಿಲ್ಲ, ಅಲ್ಲಿಗೆ ಯಾವಾಗಲೂ ಮೂರೂವರೆ.

ಇದರಿಂದ ಬರುವ ಸಮಯಗಳು ಹೀಗೆ. ಇಂಗ್ಲೆಂಡಿನ ಫುಟ್‌ಬಾಲ್ ಆದ ಪ್ರೀಮಿಯರ್ ಲೀಗ್‌ನ ಶನಿವಾರದ ಪಂದ್ಯಗಳು ಸೀಸನ್ ಶುರುವಿನಲ್ಲಿ ಸಂಜೆ 5, ರಾತ್ರಿ 7:30 ಮತ್ತು 10ಕ್ಕೆ ಇರುತ್ತವೆ. ನವೆಂಬರ್ ಹೊತ್ತಿಗೆ ಅವೇ 6, 8:30, 11 ಆಗಿರುತ್ತವೆ. ಯುರೋಪಿನ ಬಹುತೇಕ ಎಫ್1 ರೇಸ್‌ಗಳು ಭಾನುವಾರ ಸಂಜೆ 6:30ಕ್ಕೆ, ಸಿಲ್ವರ್‌ಸ್ಟೋನ್ ಮಾತ್ರ 7:30ಕ್ಕೆ. ಮೆಲ್ಬರ್ನ್ ಬೆಳಿಗ್ಗೆ 9:30ರ ಸುಮಾರಿಗೆ, ಜಪಾನಿನ ಸುಝುಕಾ 10:30ಕ್ಕೆ, ಸಿಂಗಪುರದ ರಾತ್ರಿ ರೇಸ್ ನಮಗೆ ಸಂಜೆ 5:30ಕ್ಕೆ. ಅಮೆರಿಕ ಖಂಡದ ರೇಸ್‌ಗಳೇ ನಿದ್ದೆ ಕೆಡಿಸುವವು: ಬ್ರೆಜಿಲ್ ರಾತ್ರಿ 10:30ರ ಆಸುಪಾಸು, ಉಳಿದವುಗಳಲ್ಲಿ ಹೆಚ್ಚಿನವು ಇನ್ನೂ ತಡ. ಆಯಾ ವರ್ಷದ ವೇಳಾಪಟ್ಟಿಯನ್ನು ಒಮ್ಮೆ ತಾಳೆ ನೋಡಿಕೊಳ್ಳಿ, ಅರ್ಧ ತಾಸು, ಒಂದು ತಾಸು ಆಚೀಚೆ ಆಗುವುದುಂಟು.

ಮಂಗಳವಾರ ಮ್ಯಾಚ್ ಅಂತ ರಾತ್ರಿಯೆಲ್ಲ ಕುಂತೆ, ಏನೂ ಬರ್ಲಿಲ್ಲ. ಯಾಕ್ರಿ?

ಬಹುಶಃ ಒಂದು ರಾತ್ರಿ ಮೊದಲೇ ಕೂತಿದ್ದೀರಿ. ಯುರೋಪಿನ ಬಲಿಷ್ಠ ಫುಟ್‌ಬಾಲ್ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್ ಪಂದ್ಯ ಅಲ್ಲಿ ಮಂಗಳವಾರ ರಾತ್ರಿ 9ಕ್ಕಾದರೆ ನಮ್ಮಲ್ಲಿ ಆಗ ಬುಧವಾರ 12:30, ಚಳಿಗಾಲದಲ್ಲಿ 1:30. ಸೋಮವಾರ ಮಲಗುವ ಬದಲು ಕಾದರೆ ಏನೂ ಬರುವುದಿಲ್ಲ; ಮಂಗಳವಾರ ಊಟ ಮುಗಿಸಿ ಕಾಯಬೇಕು. ಮೊಬೈಲ್ ಕ್ಯಾಲೆಂಡರ್‌ನಲ್ಲಿ ಬರೆದಿಡುವಾಗ "ಮಂಗಳವಾರ ರಾತ್ರಿ" ಎಂದು ಬರೆಯದೆ "ಬುಧವಾರ 00:30" ಎಂದೇ ಹಾಕಿ, ಅಲಾರಂ ತಪ್ಪುವುದಿಲ್ಲ.

ಬೆಳಿಗ್ಗೆ 6ರ ಪಾಳಿ ಇದ್ದವರಿಗೆ ಇನ್ನೊಂದು ಲೆಕ್ಕ. 12:30ರ ಪಂದ್ಯ ಸಾಮಾನ್ಯವಾಗಿ 2:25ಕ್ಕೆ ಮುಗಿಯುತ್ತದೆ. ನಾಕೌಟ್‌ನ ಎರಡನೇ ಲೆಗ್ (ಎರಡು ಪಂದ್ಯದ ಜೋಡಿಯಲ್ಲಿ ಎರಡನೆಯದು) ಆದರೆ ಹೆಚ್ಚುವರಿ 30 ನಿಮಿಷ, ಪೆನಾಲ್ಟಿ ಶೂಟೌಟ್ ಸೇರಿ 3:15 ದಾಟಬಹುದು. ಅಂಥ ದಿನ ಸಂಜೆ 7ಕ್ಕೇ ಮಲಗಿ 12ಕ್ಕೆ ಏಳುವುದು, ಪಂದ್ಯ ಮುಗಿದ ಮೇಲೆ ಎರಡು ತಾಸು ಮಲಗಲು ನೋಡುವುದಕ್ಕಿಂತ ಮೇಲು.

ಯಾವ ಚಾನೆಲ್‌ಗೆ ದುಡ್ಡು ಕಟ್ಟಬೇಕು?

ಪ್ರಸಾರದ ಹಕ್ಕು ಎರಡು–ಮೂರು ವರ್ಷಕ್ಕೊಮ್ಮೆ ಕೈ ಬದಲಾಗುತ್ತದೆ. ಎಫ್1 2024ರಿಂದ ಫ್ಯಾನ್‌ಕೋಡ್‌ನಲ್ಲಿ ಬರತೊಡಗಿತು. 2022ರವರೆಗೆ ವರ್ಷಗಟ್ಟಲೆ ಸ್ಟಾರ್‌ನಲ್ಲಿತ್ತು. ಒಂದೇ ಕಡೆ ಮೂರೂ ಆಟ ಸಿಗುವುದನ್ನು ನಿರೀಕ್ಷಿಸಬೇಡಿ. ಸೀಸನ್ನಿನ ಮೊದಲ ಪಂದ್ಯಕ್ಕೆ ಒಂದು ವಾರ ಇರುವಾಗ ಯಾರ ಬಳಿ ಹಕ್ಕಿದೆ ಎಂದು ನೋಡಿ, ಆಮೇಲೆ ಕಟ್ಟಿ. ರಗ್ಬಿಗೆ ಇಡೀ ವರ್ಷದ ಚಂದಾ ದಂಡ, ಟೂರ್ನಿ ಇರುವ ಎರಡು ತಿಂಗಳಿಗೆ ಸಾಕು. ಬಿಡಿ ರೇಸಿಗೆ ಪಾಸ್ ಸಿಗುವ ಕಡೆ ಮೊದಲು ಒಂದು ರೇಸ್ ಕೊಂಡು, ನಿಮ್ಮ ಊರಿನ ನೆಟ್‌ವರ್ಕ್‌ನಲ್ಲಿ ಅದು ಓಡುತ್ತದೋ ಇಲ್ಲವೋ ಪರೀಕ್ಷಿಸಿ.

## ಡೇಟಾ, ಕರೆಂಟ್, ಮೊಬೈಲ್

ದಿನಕ್ಕ ಎರಡು ಜಿಬಿ ಐತಿ. ಒಂದು ರೇಸ್ ಪೂರ್ತಿ ನೋಡಾಕ ಸಾಕಾಗ್ತೈತೇನ್ರಿ?

480ಪಿಯಲ್ಲಿ ನೋಡಿದರೆ ಸಾಕಾಗುತ್ತದೆ. ಆಗ ತಾಸಿಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು ಖರ್ಚು. 720ಪಿ ಇಟ್ಟರೆ ತಾಸಿಗೆ ಹತ್ತಿರ ಹತ್ತಿರ ಒಂದೂವರೆ ಜಿಬಿ, 1080ಪಿಗೆ ಎರಡೂವರೆ. ಎಫ್1 ರೇಸ್ ಒಂದೂವರೆ ತಾಸು ನಡೆಯುತ್ತದೆ. ರೇಸ್ ನಿಲ್ಲಿಸುವ ಕೆಂಪು ಬಾವುಟ ಬಂದರೆ ಮೂರು ತಾಸಿನವರೆಗೂ ಹಿಗ್ಗಬಹುದು. "ಆಟೋ" ಗುಣಮಟ್ಟದಲ್ಲಿ ಬಿಟ್ಟವರ ಡೇಟಾ ಕೊನೆಯ ಹತ್ತು ಲ್ಯಾಪಿಗೆ ಮುಗಿಯುವುದು ಇದಕ್ಕೇ, ಆಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ಸ್ಕೋರ್ ಕೂಡ ಕಷ್ಟಪಟ್ಟು ತೆರೆದುಕೊಳ್ಳುತ್ತದೆ. ಆ್ಯಪ್‌ನಲ್ಲಿ ಗುಣಮಟ್ಟವನ್ನು ಕೈಯಿಂದಲೇ ಆರಿಸಿ.

ದಿನದ ಡೇಟಾ ಹೊಸದಾಗುವುದು ಮಧ್ಯರಾತ್ರಿಗೆ. 12:30ರ ಪಂದ್ಯಕ್ಕೆ ಹೊಸ ದಿನದ ಡೇಟಾ ಪೂರ್ತಿ ಸಿಗುತ್ತದೆ, ಆದರೆ ಮರುದಿನ ಹಗಲಿಗೆ ಹೆಚ್ಚೇನೂ ಉಳಿಯುವುದಿಲ್ಲ. ಆನ್‌ಲೈನ್ ಕ್ಲಾಸ್ ಇರುವ ಮಕ್ಕಳ ಫೋನಿನಿಂದ ಹಾಟ್‌ಸ್ಪಾಟ್ ತೆಗೆದುಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ಕರೆಂಟ್ ಹೋದ್ರ ಏನ್ ಮಾಡೋದು? ಇನ್ವರ್ಟರ್ ಐತಿ, ಆದ್ರೂ ನೆಟ್ ಹೋಗ್ತೈತಿ.

12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ತಾಸು ಇರುತ್ತದೆ. ಇನ್ವರ್ಟರ್‌ನ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ 1100ರಷ್ಟು ಕೈಗೆ ಸಿಗುತ್ತದೆ. 43 ಇಂಚಿನ ಎಲ್‌ಇಡಿ ಟಿವಿಗೆ 80–100, ಫ್ಯಾನಿಗೆ 75, ರೌಟರಿಗೆ 15 ವ್ಯಾಟ್ ಹಿಡಿಯಿರಿ. ಬ್ಯಾಟರಿ ಹೊಸದಾಗಿದ್ದರೆ ಐದು ತಾಸು ನಿಶ್ಚಿಂತೆ. ರಾಯಚೂರಿನ ಮೇ ತಿಂಗಳಲ್ಲಿ ಕೂಲರನ್ನೂ ಅದಕ್ಕೇ ಹಚ್ಚಿದರೆ ಆ ಐದು ತಾಸು ಮೂರಕ್ಕೆ ಇಳಿಯುತ್ತದೆ.

ನೆಟ್ ಹೋಗಲು ಎರಡು ಕಾರಣ. ಒಂದು, ಕರೆಂಟ್ ಹೋದ ಕ್ಷಣ ಇನ್ವರ್ಟರ್ ಹೊರಳಿಕೊಳ್ಳುವಷ್ಟರಲ್ಲಿ ರೌಟರ್ ಆರಿ ಮತ್ತೆ ಹತ್ತುತ್ತದೆ, ಅಷ್ಟರಲ್ಲಿ ಎರಡು–ಮೂರು ನಿಮಿಷ ಹೋಯಿತು. ಇನ್ವರ್ಟರಿನ ಹಿಂಬದಿಯಲ್ಲಿ "ಯುಪಿಎಸ್" ಮತ್ತು "ಇಕೋ" ಅಥವಾ "ನಾರ್ಮಲ್" ಎಂಬ ಗುಂಡಿ ಇದ್ದರೆ ಯುಪಿಎಸ್ ಕಡೆಗೆ ಇಡಿ. ಆ ಗುಂಡಿ ಇಲ್ಲದಿದ್ದರೆ ರೌಟರಿಗೆಂದೇ ಬರುವ ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿ. ಕೊಳ್ಳುವಾಗ ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ತಾಳೆಯಾಗಬೇಕು. ಎರಡನೇ ಕಾರಣ ನಿಮ್ಮ ಕೈಯಲ್ಲಿಲ್ಲ. ಓಣಿಯ ಕಂಬದ ಮೇಲಿರುವ ಫೈಬರ್ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ದರೆ ಮನೆಯ ಇನ್ವರ್ಟರ್ ಏನೂ ಮಾಡದು. ಅದಕ್ಕೆ ಬೇರೆ ಕಂಪನಿಯ ಸಿಮ್‌ನಲ್ಲಿ ಡೇಟಾ ಇಟ್ಟುಕೊಂಡಿರಿ. ಡಿಟಿಎಚ್‌ಗೆ ಈ ತೊಂದರೆ ಇಲ್ಲ. ಅದು ಕೈಕೊಡುವುದು ಗುಡುಗು ಮಳೆಯಲ್ಲಿ.

ಗೋಲ್ ಆಗೋಕ್ ಮುಂಚೇನೆ ಗ್ರೂಪ್‌ನಲ್ಲಿ "ಗೋಲ್" ಅಂತ ಬರುತ್ತಲ್ಲ?

ಆ್ಯಪ್‌ನ ನೇರ ಪ್ರಸಾರ ನಿಜವಾದ ಆಟಕ್ಕಿಂತ ಅರ್ಧ ನಿಮಿಷ, ಕೆಲವೊಮ್ಮೆ ಒಂದು ನಿಮಿಷ ಹಿಂದಿರುತ್ತದೆ. ಡಿಟಿಎಚ್ ಇರುವ ಗೆಳೆಯ ಮೊದಲು ನೋಡುತ್ತಾನೆ, ಸ್ಕೋರ್ ಆ್ಯಪ್ ಅವನಿಗಿಂತಲೂ ಮೊದಲು ತಿಳಿಸುತ್ತದೆ. ಪಂದ್ಯದ ಹೊತ್ತಿಗೆ ಗ್ರೂಪನ್ನು ಮ್ಯೂಟ್ ಮಾಡಿ, ಸ್ಕೋರ್ ಆ್ಯಪ್‌ನ ನೋಟಿಫಿಕೇಶನ್ ನಿಲ್ಲಿಸಿ. ರೇಸನ್ನು ಮರುದಿನ ನೋಡುವವರು ಯೂಟ್ಯೂಬ್ ಮುಖಪುಟವನ್ನೂ ತೆರೆಯಬಾರದು, ಗೆದ್ದವನ ಫೋಟೊ ಅಲ್ಲೇ ಕೂತಿರುತ್ತದೆ.

ಪುಕ್ಕಟೆ ನೋಡಾಕ ಒಂದು ಎಪಿಕೆ ಕಳಿಸ್ಯಾರ. ಹಾಕ್ಲೇನು?

ಹಾಕಬೇಡಿ. ಅಂಥ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಅದಕ್ಕೆ ಬೇಕಿರುವುದು ನಿಮ್ಮ ಒಟಿಪಿ. ಈಗಾಗಲೇ ಹಾಕಿದ್ದರೆ ಡೇಟಾ ಬಂದ್ ಮಾಡಿ, ಆ್ಯಪ್ ತೆಗೆದು, ಬೇರೆ ಫೋನಿನಿಂದ ಬ್ಯಾಂಕಿನ ಪಾಸ್‌ವರ್ಡ್ ಮತ್ತು ಯುಪಿಐ ಪಿನ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

## ಆಟ ತಿಳಿಯಾಕ

ರೇಸ್ ಇರೋದು ಭಾನುವಾರ. ಶುಕ್ರವಾರ, ಶನಿವಾರ ಏನ್ ಮಾಡ್ತಾರ್ರಿ?

ಸಾಮಾನ್ಯ ವಾರದಲ್ಲಿ ಶುಕ್ರವಾರ ತಲಾ ಒಂದು ತಾಸಿನ ಎರಡು ಅಭ್ಯಾಸ, ಶನಿವಾರ ಇನ್ನೊಂದು ಅಭ್ಯಾಸ, ಆಮೇಲೆ ಕ್ವಾಲಿಫೈಯಿಂಗ್. ರೇಸಿನಲ್ಲಿ ಯಾರು ಯಾವ ಜಾಗದಿಂದ ಹೊರಡಬೇಕೆಂದು ನಿರ್ಧರಿಸುವ ಕ್ವಾಲಿಫೈಯಿಂಗ್ ಮೂರು ಸುತ್ತು. ಮೊದಲೆರಡರಲ್ಲಿ ನಿಧಾನದವರು ಹೊರಬೀಳುತ್ತಾರೆ, ಕೊನೆಗುಳಿದ ಹತ್ತು ಮಂದಿ ಎಲ್ಲರಿಗಿಂತ ಮುಂದಿನ ಜಾಗವಾದ ಪೋಲ್ ಸ್ಥಾನಕ್ಕೆ ಹೋರಾಡುತ್ತಾರೆ. ಸ್ಪ್ರಿಂಟ್ ಇರುವ ವಾರ ಅಭ್ಯಾಸ ಒಂದೇ, ಶನಿವಾರ 100 ಕಿ.ಮೀ.ನ ಚಿಕ್ಕ ರೇಸ್ ಇರುತ್ತದೆ.

ಸಮಯ ಕಡಿಮೆ ಇದ್ದವರು ಅಭ್ಯಾಸ ಬಿಟ್ಟು ಕ್ವಾಲಿಫೈಯಿಂಗ್ ನೋಡಿ, ಅದು ಒಂದು ತಾಸಿನಲ್ಲಿ ಮುಗಿಯುತ್ತದೆ. ತೆರೆಯ ಮೇಲಿನ ಬಣ್ಣ ಓದಲು ಕಲಿಯಿರಿ: ನೇರಳೆ ಎಂದರೆ ಎಲ್ಲರಿಗಿಂತ ವೇಗ, ಹಸಿರು ಎಂದರೆ ಆ ಚಾಲಕನದೇ ಅತ್ಯುತ್ತಮ, ಹಳದಿ ಎಂದರೆ ಸುಧಾರಣೆ ಇಲ್ಲ. ರೇಸಿನಲ್ಲಿ ಮೊದಲ ಹತ್ತು ಸ್ಥಾನಕ್ಕೆ 25, 18, 15, 12, 10, 8, 6, 4, 2, 1 ಅಂಕ. ಅತಿ ವೇಗದ ಲ್ಯಾಪಿಗೆ ಕೊಡುತ್ತಿದ್ದ ಒಂದು ಅಂಕವನ್ನು 2025ರಿಂದ ತೆಗೆದಿದ್ದಾರೆ.

ಟೈರ್ ಮ್ಯಾಲ ಕೆಂಪು, ಹಳದಿ, ಬಿಳಿ ಪಟ್ಟಿ ಯಾಕ?

ಕೆಂಪು ಸಾಫ್ಟ್, ಹಳದಿ ಮೀಡಿಯಂ, ಬಿಳಿ ಹಾರ್ಡ್. ತುಂತುರಿಗೆ ಹಸಿರು, ಜೋರು ಮಳೆಗೆ ನೀಲಿ. ಮೆತ್ತಗಿನದು ಹಿಡಿತ ಹೆಚ್ಚು ಕೊಡುತ್ತದೆ, ಬೇಗ ಸವೆಯುತ್ತದೆ. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆ ಬಳಸಲೇಬೇಕು ಎಂಬ ನಿಯಮವಿರುವುದರಿಂದ ಎಲ್ಲರೂ ಒಮ್ಮೆಯಾದರೂ ಟೈರ್ ಬದಲಿಸುವ ಜಾಗವಾದ ಪಿಟ್‌ಗೆ ಬರುತ್ತಾರೆ.

ರಗ್ಬಿಯೊಳಗ ಯಾಕ್ ಸೀಟಿ ಊದಿದ್ರು ಅನ್ನೋದೇ ತಿಳಿಯಂಗಿಲ್ಲ.

ಮೂರು ತಪ್ಪು ಗುರುತಿಸಲು ಬಂದರೆ ಬಹುಪಾಲು ಸೀಟಿ ಅರ್ಥವಾಗುತ್ತದೆ.

ಮೊದಲನೆಯದು ಕೈಪಾಸ್ ಮುಂದಕ್ಕೆ ಹೋಗುವುದು, ಅಥವಾ ಚೆಂಡು ಕೈಯಿಂದ ಜಾರಿ ಮುಂದೆ ಬೀಳುವ ನಾಕ್-ಆನ್. ಇವು ಚಿಕ್ಕ ತಪ್ಪು, ಎದುರಾಳಿಗೆ ಸ್ಕ್ರಮ್ (ಎರಡೂ ತಂಡದವರು ತಲೆ ತಗ್ಗಿಸಿ ಒತ್ತಾಡಿ ಚೆಂಡು ಪಡೆಯುವುದು) ಸಿಗುತ್ತದೆ. ಕಾಲಿನಿಂದ ಮಾತ್ರ ಚೆಂಡನ್ನು ಮುಂದೆ ಕಳಿಸಬಹುದು.

ಎರಡನೆಯದು ನೆಲಕ್ಕೆ ಬಿದ್ದಾಗಿನದು. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ಚೆಂಡು ಹಿಡಿದವನನ್ನು ಕೆಡವಿದ ಕೂಡಲೇ ಅವನು ಚೆಂಡು ಬಿಡಬೇಕು, ಕೆಡವಿದವನು ಪಕ್ಕಕ್ಕೆ ಸರಿಯಬೇಕು. ಕಾಲ ಮೇಲೆ ನಿಂತ ಎದುರಾಳಿ ಬಗ್ಗಿ ಚೆಂಡಿಗೆ ಕೈ ಹಾಕಿದಾಗಲೂ ಬಿದ್ದವನು ಬಿಡದಿದ್ದರೆ ಪೆನಾಲ್ಟಿ. ಎರಡೂ ಕಡೆಯವರು ನಿಂತುಕೊಂಡೇ ಅದರ ಮೇಲೆ ಒತ್ತಾಡತೊಡಗಿದರೆ ಅದು ರಕ್; ಆಮೇಲೆ ಹೊಸದಾಗಿ ಕೈ ಹಾಕುವಂತಿಲ್ಲ, ಬದಿಯಿಂದ ನುಗ್ಗುವಂತಿಲ್ಲ, ತನ್ನ ತಂಡದ ಹಿಂಭಾಗದಿಂದಲೇ ಬರಬೇಕು.

ಮೂರನೆಯದು ಎತ್ತರದ ಟ್ಯಾಕಲ್. ಕಬಡ್ಡಿ ಆಡಿದವರಿಗೆ ಸೊಂಟ, ತೊಡೆ ಹಿಡಿದು ಕೆಡವುವುದು ಹೊಸದೇನಲ್ಲ, ಇಲ್ಲೂ ಅದೇ ಸರಿಯಾದ ಜಾಗ. ಭುಜದ ಮೇಲೆ ಹೋದರೆ ಪೆನಾಲ್ಟಿ, ತಲೆಗೆ ತಗುಲಿದರೆ ಕಾರ್ಡ್. ಹಳದಿ ಕಾರ್ಡಿಗೆ 10 ನಿಮಿಷ ಹೊರಗೆ.

ಅಂಕಗಳು: ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವ ಟ್ರೈಗೆ 5, ಅದರ ನಂತರ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿ ಕಿಕ್ ಮತ್ತು ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲಿಗೆ ತಲಾ 3. ಟ್ರೈ ಎಲ್ಲಿ ಆಯಿತೋ ಅದರ ನೇರಕ್ಕೇ ಹಿಂದೆ ಹೋಗಿ ಕನ್ವರ್ಷನ್ ಒದೆಯಬೇಕು. ಗೆರೆ ದಾಟಿದ ಆಟಗಾರ ಕೂಡಲೇ ಚೆಂಡು ಊರದೆ ಕಂಬಗಳ ನಡುವಿನ ಜಾಗಕ್ಕೆ ಓಡುವುದು ಒದೆಯುವವನ ಕೋನ ಸುಲಭವಾಗಲಿ ಎಂದು. ಮೊದಮೊದಲು 9 ಮತ್ತು 10ನೇ ನಂಬರಿನವರನ್ನೇ ಗಮನಿಸಿ, ತಂಡ ಏನು ಮಾಡಲು ಹೊರಟಿದೆ ಎಂಬುದು ಅವರಿಂದಲೇ ತಿಳಿಯುತ್ತದೆ.

ಫುಟ್‌ಬಾಲ್‌ನೊಳಗ ಭುಜ ಮುಂದಿದ್ರೂ ಆಫ್‌ಸೈಡ್ ಅಂತಾರ, ಕೈ ಮುಂದಿದ್ರ ಇಲ್ಲಂತಾರ. ಖರೆ ಏನು?

ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ. ಕಂಕುಳಿನ ಕೆಳಮಟ್ಟಕ್ಕೆ ಕೈ ಶುರು ಎಂದು ಎಣಿಸುತ್ತಾರೆ, ಆದ್ದರಿಂದ ಭುಜದ ಮೇಲ್ಭಾಗ ಮೈಯ ಲೆಕ್ಕ. ಸಹ ಆಟಗಾರ ಚೆಂಡು ಮುಟ್ಟಿದ ಕ್ಷಣದಲ್ಲಿ ಎದುರಾಳಿಯ ಅಂಗಳದೊಳಗೆ, ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಮುಂದಿದ್ದು, ಆಟದಲ್ಲಿ ಪಾಲ್ಗೊಂಡರೆ ಆಫ್‌ಸೈಡ್. ಗೋಲ್ ಕಿಕ್, ಥ್ರೋ-ಇನ್, ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ.

ಚಾಂಪಿಯನ್ಸ್ ಲೀಗ್‌ನಲ್ಲಿ ಗ್ರೂಪ್‌ಗಳೇ ಕಾಣಲ್ಲವಲ್ಲ?

2024–25ರಿಂದ ತೆಗೆದಿದ್ದಾರೆ. 36 ತಂಡಕ್ಕೆ ಒಂದೇ ಪಟ್ಟಿ, ಪ್ರತಿ ತಂಡಕ್ಕೆ ಎಂಟು ಬೇರೆ ಬೇರೆ ಎದುರಾಳಿಗಳು. ಮೊದಲ ಎಂಟು ತಂಡ ನೇರ 16ರ ಸುತ್ತಿಗೆ, 9ರಿಂದ 24ರವರೆಗಿನವು ಪ್ಲೇ-ಆಫ್‌ಗೆ, ಉಳಿದ 12 ಮನೆಗೆ. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ಹಳೆಯ "ಅವೇ ಗೋಲ್" ನಿಯಮ 2021ರಲ್ಲೇ ಹೋಯಿತು. ಈ ಪಟ್ಟಿಯ ಕೊನೆಯ ರಾತ್ರಿ ಎಲ್ಲ ಪಂದ್ಯ ಒಂದೇ ಹೊತ್ತಿಗೆ ನಡೆಯುತ್ತವೆ, ನಿದ್ದೆ ಬಿಟ್ಟು ನೋಡಲು ಯೋಗ್ಯ.

## ಇನ್ನೂ ಆಳಕ್ಕೆ

ಹಿಂದಿದ್ದ ಕಾರು ಮೊದಲು ಪಿಟ್‌ಗೆ ಹೋಗಿ ಮುಂದ ಬಂತು. ಅದು ಹೆಂಗ?

ಇದಕ್ಕೆ ಅಂಡರ್‌ಕಟ್ ಎನ್ನುತ್ತಾರೆ. ಹಿಂದಿನ ಕಾರು ಒಂದೂವರೆ ಸೆಕೆಂಡ್ ದೂರದಲ್ಲಿದೆ ಎನ್ನಿ. ಅದು ಮೊದಲು ಟೈರ್ ಬದಲಿಸಿ ಹೊಸ ಟೈರಿನಲ್ಲಿ ಒಂದು ಲ್ಯಾಪ್ ಓಡುತ್ತದೆ. ಮುಂದಿನವನು ಆ ಲ್ಯಾಪನ್ನು ಸವೆದ ಟೈರಿನಲ್ಲೇ ಮುಗಿಸಬೇಕು. ಆ ಒಂದೇ ಲ್ಯಾಪಿನಲ್ಲಿ ಎರಡು ಸೆಕೆಂಡ್ ವ್ಯತ್ಯಾಸ ಬಂದರೆ, ಮುಂದಿನವನು ಪಿಟ್ ಮುಗಿಸಿ ಹೊರಬರುವಾಗ ಅರ್ಧ ಸೆಕೆಂಡ್ ಹಿಂದಿರುತ್ತಾನೆ.

ಇದು ಕೆಡುವುದು ಮೂರು ಕಾರಣಕ್ಕೆ. ಹಾರ್ಡ್ ಟೈರ್ ಬಿಸಿಯಾಗಲು ಒಂದು ಲ್ಯಾಪ್ ಹಿಡಿದರೆ ಲಾಭವೆಲ್ಲ ಅಲ್ಲೇ ಹೋಗುತ್ತದೆ. ಹೊರಬಂದ ಜಾಗದಲ್ಲಿ ನಿಧಾನದ ಕಾರುಗಳಿದ್ದರೆ ಅವುಗಳ ಹಿಂದೆ ಸಿಕ್ಕಿಬೀಳುತ್ತಾರೆ. ಇಲ್ಲವೇ ಟೈರ್ ಬದಲಿಸುವಾಗಲೇ ತಡವಾಗುತ್ತದೆ: ಒಳ್ಳೆಯ ತಂಡ ಎರಡೂವರೆ ಸೆಕೆಂಡಿನೊಳಗೆ ನಾಲ್ಕೂ ಟೈರ್ ಬದಲಿಸುತ್ತದೆ, ಮೆಕ್ಲಾರೆನ್ 2023ರ ಕತಾರ್ ರೇಸಿನಲ್ಲಿ 1.80 ಸೆಕೆಂಡಿನಲ್ಲಿ ಮುಗಿಸಿತ್ತು. ಒಂದು ನಟ್ ಸಿಕ್ಕಿಕೊಂಡರೆ ಐದು ಸೆಕೆಂಡ್ ಆಗುತ್ತದೆ. ಪಿಟ್ ದಾರಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ ಇರುವುದರಿಂದ ಒಟ್ಟು ನಷ್ಟ 20 ಸೆಕೆಂಡಿನ ಆಸುಪಾಸು. ಅಪಘಾತವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದಾಗ ಎಲ್ಲರೂ ಓಡಿಬಂದು ಟೈರ್ ಬದಲಿಸುವುದು ಆಗ ಟ್ರ್ಯಾಕಿನಲ್ಲಿರುವವರೂ ನಿಧಾನವಾಗಿರುತ್ತಾರೆ, ನಷ್ಟ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು.

2026ರಿಂದ ಡಿಆರ್‌ಎಸ್ ಇಲ್ಲ ಅಂತಾರ. ಹಂಗಾದ್ರ ಓವರ್‌ಟೇಕ್ ಹೆಂಗ ಮಾಡ್ತಾರ?

ಇದು ಕ್ರಿಕೆಟ್ಟಿನ ಡಿಆರ್‌ಎಸ್ ಅಲ್ಲ, ಗಾಳಿಯ ತಡೆ ಕಡಿಮೆ ಮಾಡಲು ಕಾರಿನ ಹಿಂದಿನ ರೆಕ್ಕೆ ತೆರೆಯುವ ಏರ್ಪಾಡು. 2011ರಿಂದ 2025ರವರೆಗೆ ರೇಸಿನಲ್ಲಿ ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಇದ್ದವರು ಮಾತ್ರ ಅದನ್ನು ತೆರೆಯಬಹುದಿತ್ತು. 2026ರ ಕಾರುಗಳಲ್ಲಿ ಮುಂದಿನ, ಹಿಂದಿನ ಎರಡೂ ರೆಕ್ಕೆ ಮಡಚುತ್ತವೆ, ನಿಗದಿ ಮಾಡಿದ ನೇರ ದಾರಿಯಲ್ಲಿ ಎಲ್ಲರೂ ಬಳಸಬಹುದು. ಹಿಂದಿರುವವನಿಗೆ ಸಿಗುವ ಅನುಕೂಲ ಈಗ ಹೆಚ್ಚುವರಿ ವಿದ್ಯುತ್ ಶಕ್ತಿ. 1.6 ಲೀಟರ್ ವಿ6 ಟರ್ಬೊ ಉಳಿದಿದೆ, ಆದರೆ ವಿದ್ಯುತ್ ಮೋಟರಿನ ಬಲ 120ರಿಂದ 350 ಕಿಲೋವ್ಯಾಟಿಗೆ ಏರಿದೆ. ಬ್ಯಾಟರಿಯನ್ನು ಎಲ್ಲಿ ತುಂಬಿಸಿಕೊಂಡರು, ಎಲ್ಲಿ ಖಾಲಿ ಮಾಡಿದರು ಎನ್ನುವುದರ ಮೇಲೆ ಕಣ್ಣಿಡಿ. ನೇರ ದಾರಿಯ ಕೊನೆಯಲ್ಲಿ ಕಾರು ಇದ್ದಕ್ಕಿದ್ದಂತೆ ವೇಗ ಕಳೆದುಕೊಂಡರೆ ಬ್ಯಾಟರಿಯ ಶಕ್ತಿ ಸಿಗುತ್ತಿಲ್ಲ ಎಂದು ಊಹಿಸಬಹುದು.

2023ರ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಒಂದೂ ಟ್ರೈ ಇಲ್ಲದೆ ಹೇಗೆ ಗೆದ್ದಿತು?

ಶಿಸ್ತಿನಿಂದ. ಹಾಂಡ್ರೆ ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದು 12 ಅಂಕ ತಂದರು. ನ್ಯೂಜಿಲೆಂಡ್ ಒಂದು ಟ್ರೈ, ಎರಡು ಪೆನಾಲ್ಟಿಯಿಂದ 11ಕ್ಕೆ ನಿಂತಿತು. ಬ್ಯೂಡನ್ ಬ್ಯಾರೆಟ್ ಟ್ರೈ ಗಳಿಸಿದ್ದು ಮೂಲೆಯ ಹತ್ತಿರ, ಅಲ್ಲಿಂದ ಕನ್ವರ್ಷನ್ ತಪ್ಪಿತು. ನಾಯಕ ಸ್ಯಾಮ್ ಕೇನ್ ತಲೆಗೆ ತಗುಲಿದ ಟ್ಯಾಕಲ್‌ಗೆ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಪಡೆದಿದ್ದರಿಂದ ಅವರ ತಂಡ 50 ನಿಮಿಷಕ್ಕೂ ಹೆಚ್ಚು ಹೊತ್ತು 14 ಮಂದಿಯಲ್ಲಿ ಆಡಿತು. ರಗ್ಬಿ ಕಲಿಯುವವರು ಈ ಪಂದ್ಯವನ್ನು ಪೂರ್ತಿ ನೋಡಬೇಕು: ಮೂರು ಅಂಕಕ್ಕೆ ಒದೆಯುವುದೋ, ಮೂಲೆಗೆ ಒದ್ದು ಟ್ರೈಗೆ ಹೋಗುವುದೋ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಕಲ್ಕತ್ತಾ ಕಪ್ ಅಂತಾರಲ್ಲ, ಅದಕ್ಕೂ ನಮ್ಮ ದೇಶಕ್ಕೂ ಸಂಬಂಧ ಐತೇನು?

ಐತಿ, ಲೋಹದಲ್ಲೇ ಐತಿ. ರಗ್ಬಿ ಆಡುತ್ತಿದ್ದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು ಕರಗಿಸಿ ಮಾಡಿಸಿದ ಕಪ್ ಅದು. 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟರು, 1879ರಿಂದ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ ಗೆದ್ದವರಿಗೆ ಸಲ್ಲುತ್ತದೆ. ಮೂರು ಹಿಡಿಕೆಗಳು ನಾಗರಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ ನಿಂತಿದೆ. ಸಿಕ್ಸ್ ನೇಷನ್ಸ್‌ನಲ್ಲಿ ಈ ಒಂದು ಪಂದ್ಯವನ್ನು ತಪ್ಪಿಸಿಕೊಳ್ಳಬೇಡಿ.

ಫ್ಯಾಂಟಸಿ ಟೀಮ್ ಕಟ್ಟಿದ್ರೆ ಆಟ ಚೆನ್ನಾಗಿ ತಿಳಿಯುತ್ತಾ?

ತಿಳಿಯುತ್ತದೆ, ದುಡ್ಡು ಹಾಕದೆ ಆಡುವುದಾದರೆ. ಪ್ರೀಮಿಯರ್ ಲೀಗ್ ಮತ್ತು ಎಫ್1ನ ಅಧಿಕೃತ ಫ್ಯಾಂಟಸಿ ಎರಡೂ ಉಚಿತ. ಪ್ರೀಮಿಯರ್ ಲೀಗಿನಲ್ಲಿ 15 ಆಟಗಾರರು, ಒಂದು ಕ್ಲಬ್ಬಿನಿಂದ ಮೂವರೇ, ನಾಯಕನಿಗೆ ದುಪ್ಪಟ್ಟು ಅಂಕ. ಸುತ್ತಿನ ಮೊದಲ ಪಂದ್ಯಕ್ಕೆ 90 ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ. ಶನಿವಾರ ಸಂಜೆ 5ರ ಪಂದ್ಯವಾದರೆ 3:30ಕ್ಕೆ. ಮಧ್ಯಾಹ್ನ ಊಟವಾದ ಮೇಲೆ ನೋಡಿದರಾಯಿತು ಎಂದು ಬಿಟ್ಟವರು ಇಲ್ಲೇ ತಪ್ಪಿಸಿಕೊಳ್ಳುತ್ತಾರೆ.

ಟಿವಿ ಬಿಟ್ಟು ಕಣ್ಣಾರೆ ನೋಡಾಕ ಹತ್ತಿರ ಏನೈತಿ?

ಬೆಂಗಳೂರು ಎಫ್‌ಸಿ ಆಡುವ ಶ್ರೀಕಂಠೀರವ ಕ್ರೀಡಾಂಗಣ ಒಂದು ರಾತ್ರಿಯ ದಾರಿ: ಬಳ್ಳಾರಿ, ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್. ಆ ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್ಪಿನಲ್ಲಿ. ಮಕ್ಕಳನ್ನು ಆಡಿಸಬೇಕೆನ್ನುವವರು ಅವರ ಆಯ್ಕೆ ಟ್ರಯಲ್‌ಗಳ ಪ್ರಕಟಣೆ ಗಮನಿಸುತ್ತಿರಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷದ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ತಂದಿತು. ಹಾಗಾಗಿ ಫುಟ್‌ಬಾಲ್ ದೂರದ ಆಟವೇನಲ್ಲ. ಕಾರ್, ಬೈಕ್ ರೇಸಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ.

ಒಮ್ಮೆಯಾದ್ರೂ ವಿದೇಶಕ್ಕ ಹೋಗಿ ರೇಸ್ ನೋಡ್ಬೇಕು. ಯಾವುದು ಕೈಗೆಟಕ್ತದ?

ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಎಫ್1 ನಡೆದದ್ದು 2011ರಿಂದ 2013ರವರೆಗೆ ಮಾತ್ರ, ಮೂರನ್ನೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಈಗ ಹೋಗಿಬರಬಹುದಾದವುಗಳಲ್ಲಿ ಎರಡು ಸಿಂಗಪುರದ ಎಫ್1 ಮತ್ತು ಮಲೇಷ್ಯಾದ ಸೆಪಾಂಗ್‌ನ ಬೈಕ್ ರೇಸ್ ಮೋಟೊಜಿಪಿ. ಮೊದಲ ಪ್ರವಾಸಕ್ಕೆ ನಮ್ಮ ಸಲಹೆ ಸೆಪಾಂಗ್. ಟಿಕೆಟ್, ಕೋಣೆ ಎರಡೂ ಅಗ್ಗ, ಭಾರತೀಯರಿಗೆ 30 ದಿನದವರೆಗಿನ ವೀಸಾ ವಿನಾಯಿತಿಯನ್ನೂ ಮಲೇಷ್ಯಾ ಕೊಟ್ಟಿದೆ. ಅದು ಅವಧಿ ಇರುವ ವಿನಾಯಿತಿ, ಬುಕ್ ಮಾಡುವ ಮುನ್ನ ಮತ್ತೊಮ್ಮೆ ನೋಡಿ. ಸಿಂಗಪುರಕ್ಕೆ ವೀಸಾ ಬೇಕು, ಅಧಿಕೃತ ಏಜೆಂಟ್ ಮೂಲಕ ಅರ್ಜಿ ಹಾಕಬೇಕು. ಅಲ್ಲಿ ಕುರ್ಚಿಯ ಟಿಕೆಟ್ ದುಬಾರಿ. ಓಡಾಡಿ ನೋಡುವ "ವಾಕ್‌ಅಬೌಟ್" ಟಿಕೆಟ್ ಎಷ್ಟೋ ಕಡಿಮೆ, ಆದರೆ ಬೇಲಿ ಪಕ್ಕದ ಜಾಗಕ್ಕೆ ಎರಡು–ಮೂರು ತಾಸು ಮೊದಲೇ ನಿಲ್ಲಬೇಕು.

ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಟಿಕೆಟ್ ಕೊಳ್ಳುವಾಗ ಕಾರ್ಡ್ ತಿರಸ್ಕೃತವಾದರೆ ಗಾಬರಿ ಬೇಡ: ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಬ್ಯಾಂಕ್ ಶುಲ್ಕ, ಜಿಎಸ್‌ಟಿ ಸೇರಿ ಶೇಕಡಾ 4ರ ಆಸುಪಾಸು ಮೇಲೆ ಬೀಳಬಹುದು, ಬಜೆಟ್‌ನಲ್ಲಿ ಹಿಡಿಯಿರಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ. ಸೆಪಾಂಗ್, ಸಿಂಗಪುರ ಎರಡೂ ಕಡೆ ಮಧ್ಯಾಹ್ನ, ಸಂಜೆ ಹೊತ್ತಿಗೆ ದಿಢೀರ್ ಮಳೆ ಸಾಮಾನ್ಯ, ಕೊಡೆಯನ್ನು ಸ್ಟ್ಯಾಂಡಿನಲ್ಲಿ ಬಿಚ್ಚಲು ಬಿಡದಿರಬಹುದು; ತೆಳು ರೇನ್‌ಕೋಟ್ ಒಯ್ಯಿರಿ. ಮಕ್ಕಳಿದ್ದರೆ ಕಿವಿಗೆ ಇಯರ್‌ಮಫ್ ಬೇಕೇ ಬೇಕು, ಮೋಟೊಜಿಪಿ ಬೈಕಿನ ಸದ್ದು ಬರಿ ಕಿವಿಗೆ ತಡೆಯುವಂಥದ್ದಲ್ಲ.